ಟ್ಯೂಡರ್ ಕಾಲದ ಐರಿಷ್ ದಂಗೆಗಳು: ಗೆಲ್ಲುತ್ತಲೇ ಸೋತದ್ದು ಹೇಗೆ?

ಪ್ರಶ್ನೆ: ಇಂಗ್ಲೆಂಡನ್ನಾಳಿದ ಟ್ಯೂಡರ್ ಮನೆತನದ ಎಂಟನೇ ಹೆನ್ರಿಯಿಂದ ಎಲಿಜಬೆತ್ ರಾಣಿಯವರೆಗೆ ಐರ್ಲೆಂಡಿನಲ್ಲಿ ಒಂದಾದ ಮೇಲೊಂದು ದಂಗೆ ನಡೆದಿವೆ. ಸಿಲ್ಕನ್ ಥಾಮಸ್, ಶೇನ್ ಓನೀಲ್, ಡೆಸ್ಮಂಡ್ ಮನೆತನದ ಎರಡು ದಂಗೆ, ಕೊನೆಗೆ ಒಂಬತ್ತು ವರ್ಷಗಳ ಯುದ್ಧ. ನೆಲ ಅವರದು, ಕಾಡು ಮತ್ತು ಜೌಗು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ, ಇಂಗ್ಲಿಷ್ ಸೈನ್ಯವೋ ಸಮುದ್ರ ದಾಟಿ ಬರಬೇಕು. ಆದರೂ ಪ್ರತಿ ಸಲ ಸೋತದ್ದು ಯಾಕೆ? ಇದನ್ನು ಧರ್ಮಯುದ್ಧ ಅನ್ನಬೇಕೋ, ಸ್ವಾತಂತ್ರ್ಯ ಹೋರಾಟ ಅನ್ನಬೇಕೋ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ 'ಅವರು' ಎಂಬ ಮಾತಿದೆಯಲ್ಲ, ಗಂಟು ಇರುವುದೇ ಅಲ್ಲಿ. 1534ರಲ್ಲಾಗಲಿ 1579ರಲ್ಲಾಗಲಿ 'ಐರಿಷರು' ಎಂಬ ಒಂದು ಪಕ್ಷ ಇರಲಿಲ್ಲ. ಮನೆತನಗಳಿದ್ದವು, ಪ್ರತಿ ಮನೆತನದ ಒಳಗೆ ದಾಯಾದಿಗಳಿದ್ದರು, ಪಕ್ಕದಲ್ಲಿ ತಲೆಮಾರುಗಳ ಹಗೆಯವರಿದ್ದರು. ಒಂದು ಮನೆ ದಂಗೆ ಎದ್ದರೆ ಪಕ್ಕದ ಮನೆಗೆ ಅದು ಹಳೆಯ ಲೆಕ್ಕ ಚುಕ್ತಾ ಮಾಡುವ ಸಂದರ್ಭ. ದಂಗೆಯ ನಾಯಕರು ಯಾರ ಕೈಯಲ್ಲಿ ಸತ್ತರು ಎಂದು ನೋಡುತ್ತ ಹೋಗಿ, ಇಂಗ್ಲಿಷರಿಗಿಂತ ಹೆಚ್ಚಾಗಿ ನೆರೆಯ ಐರಿಷರೇ ಸಿಗುತ್ತಾರೆ. ಈ ಗಂಟನ್ನು ಬಹುಮಟ್ಟಿಗೆ ಬಿಡಿಸಿದವನು ಒಬ್ಬನೇ, ಹ್ಯೂ ಓನೀಲ್. ಅವನು ಸೋತ ಕಾರಣ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೆಲದ ಚಿತ್ರ. 1500ರ ಸುಮಾರಿಗೆ ಇಂಗ್ಲೆಂಡಿನ ರಾಜನ ಆಜ್ಞೆ ನೇರವಾಗಿ ನಡೆಯುತ್ತಿದ್ದದ್ದು ಡಬ್ಲಿನ್ ಸುತ್ತಲಿನ 'ಪೇಲ್' ಎಂಬ ಪಟ್ಟಿಯಲ್ಲಿ ಮತ್ತು ಕೆಲವು ಬಂದರು ಪಟ್ಟಣಗಳಲ್ಲಿ ಮಾತ್ರ. ಅದರಾಚೆ ಎರಡು ಬಗೆಯ ಒಡೆಯರು. ಹನ್ನೆರಡನೇ ಶತಮಾನದಲ್ಲಿ ಬಂದು ನೆಲೆಸಿದ ನಾರ್ಮನ್ ಮೂಲದ, ಅರ್ಲ್ ಎಂಬ ಇಂಗ್ಲಿಷ್ ಬಿರುದಿನ ಒಡೆಯರು ಒಂದು ಕಡೆ: ಕಿಲ್ಡೇರ್, ಡೆಸ್ಮಂಡ್, ಆರ್ಮಂಡ್. ಇವರನ್ನು ಇತಿಹಾಸಕಾರರು ಹಳೆ ಇಂಗ್ಲಿಷರು ಎನ್ನುತ್ತಾರೆ. ಇನ್ನೊಂದು ಕಡೆ ಮೂಲ ಐರಿಷರಾದ ಗೇಲಿಕ್ ಮನೆತನಗಳು: ಉತ್ತರದ ಅಲ್ಸ್ಟರ್‌ನಲ್ಲಿ ಓನೀಲ್, ಓಡಾನೆಲ್, ಬೇರೆಡೆ ಓಬ್ರಿಯನ್, ಓಬರ್ನ್ ಮುಂತಾದವರು. ಪಾಳೇಗಾರರು ಎಂದುಕೊಂಡರೆ ನಮಗೆ ಚಿತ್ರ ಬೇಗ ಹಿಡಿಯುತ್ತದೆ. ಆದರೆ ಗೇಲಿಕ್ ಪದ್ಧತಿಯ ಎರಡು ಸಂಗತಿ ತಿಳಿಯದೆ ಮುಂದೆ ಹೋದರೆ ಒಂದು ದಂಗೆಯೂ ಅರ್ಥವಾಗುವುದಿಲ್ಲ.

ಒಂದು, ಪಟ್ಟ. ಹಿರಿಮಗನಿಗೇ ಪಟ್ಟ ಎಂಬ ನಿಯಮ ಅಲ್ಲಿಲ್ಲ. ಒಬ್ಬ ಮುತ್ತಜ್ಜನ ವಂಶದ ಗಂಡಸರಲ್ಲಿ ಯಾರು ಬಲಶಾಲಿಯೋ ಅವನನ್ನು ಆರಿಸಬಹುದು. ಮುಂದಿನವನು ಇವನೆಂದು ಮೊದಲೇ ಗೊತ್ತುಮಾಡಿದರೆ ಅವನಿಗೆ 'ತಾನಿಸ್ಟ್' ಎಂದು ಹೆಸರು. ಅಂದರೆ ಪಟ್ಟದ ಹಕ್ಕುದಾರರು ಯಾವಾಗಲೂ ಐದಾರು ಮಂದಿ, ಸಿಗದವನು ಯಾವಾಗಲೂ ಅತೃಪ್ತ. ಎರಡು, ಸೈನ್ಯದ ಊಟ. ಕೊಡಲಿ ಹಿಡಿದ ಗ್ಯಾಲೋಗ್ಲಾಸ್ ಎಂಬ ಕೂಲಿಯೋಧರನ್ನೂ, ಕರ್ನ್ ಎಂಬ ಹಗುರ ಕಾಲಾಳುಗಳನ್ನೂ ಒಡೆಯ ತನ್ನ ರೈತರ ಮನೆಗಳ ಮೇಲೆ ಬಿಡುತ್ತಿದ್ದ. ಅವರಿಗೆ ಬಿಟ್ಟಿ ಊಟ, ಕುದುರೆಗೆ ಬಿಟ್ಟಿ ಮೇವು. ಇದಕ್ಕೆ 'ಕಾಯ್ನ್ ಆ್ಯಂಡ್ ಲಿವರಿ' ಎನ್ನುತ್ತಿದ್ದರು. ಒಡೆಯನ ಬಲ ಪೂರ್ತಿ ನಿಂತಿದ್ದದ್ದು ಇದರ ಮೇಲೆ. ಇದನ್ನು ನಿಲ್ಲಿಸಿ ಅಂದರೆ ನಿನ್ನ ಸೈನ್ಯ ಬಿಟ್ಟುಬಿಡು ಎಂದಂತೆ.

ಈಗ ಸಿಲ್ಕನ್ ಥಾಮಸ್. ಕಿಲ್ಡೇರ್ ಅರ್ಲ್‌ಗಳು ಹಲವು ದಶಕ ರಾಜಪ್ರತಿನಿಧಿಗಳಾಗಿದ್ದವರು, ದಂಗೆಯವರಲ್ಲವೇ ಅಲ್ಲ. 1534ರಲ್ಲಿ ಒಂಬತ್ತನೇ ಅರ್ಲ್‌ನನ್ನು ಹೆನ್ರಿ ಲಂಡನ್ನಿಗೆ ಕರೆಸಿಕೊಂಡ. ಅವನು ಅಧಿಕಾರವನ್ನು ಇಪ್ಪತ್ತರ ಆಸುಪಾಸಿನ ಮಗ ಥಾಮಸನಿಗೆ ಒಪ್ಪಿಸಿ ಹೊರಟ. ತಂದೆಯ ತಲೆ ಕಡಿದರಂತೆ ಎಂಬ ಸುದ್ದಿ ಡಬ್ಲಿನ್ನಿಗೆ ಬಂತು. ಸುದ್ದಿ ಸುಳ್ಳು, ಆದರೆ ಜೂನ್ 11ರಂದು ಥಾಮಸ್ ರೇಷ್ಮೆ ಅಂಚಿನ ಶಿರಸ್ತ್ರಾಣ ತೊಟ್ಟ ಸವಾರರೊಂದಿಗೆ ಸೇಂಟ್ ಮೇರೀಸ್ ಮಠಕ್ಕೆ ನುಗ್ಗಿ, ಮಂತ್ರಾಲೋಚನೆ ಸಭೆಯ ಮುಂದೆ ರಾಜಾಧಿಕಾರದ ಗುರುತಾದ ಖಡ್ಗವನ್ನು ಕೆಳಗೆ ಒಗೆದ. 'ಸಿಲ್ಕನ್' ಎಂಬ ಅಡ್ಡಹೆಸರು ಆ ರೇಷ್ಮೆಯಿಂದ ಬಂದದ್ದು. ತಂದೆ ಲಂಡನ್ ಗೋಪುರದ ಸೆರೆಯಲ್ಲಿ ತೀರಿಕೊಂಡದ್ದು ಸೆಪ್ಟೆಂಬರಿನಲ್ಲಿ, ಮಗನ ದಂಗೆಯ ಸುದ್ದಿ ಕೇಳಿದ ಮೇಲೆ.

ಅವನು ಕೆಟ್ಟದ್ದು ಎರಡು ಕಡೆ. ಡಬ್ಲಿನ್ ಕೋಟೆ ಅವನಿಗೆ ದಕ್ಕಲಿಲ್ಲ, ಅದನ್ನು ಒಡೆಯುವಂಥ ಫಿರಂಗಿ ಅವನ ಬಳಿ ಇರಲಿಲ್ಲ. ಜುಲೈಯಲ್ಲಿ ಅವನ ಕಡೆಯವರು ಡಬ್ಲಿನ್ನಿನ ಆರ್ಚ್‌ಬಿಷಪ್ ಜಾನ್ ಅಲೆನ್‌ನನ್ನು ಕೊಂದರು. ಪೋಪರಿಂದ ಬೇರೆಯಾದ ಹೆನ್ರಿ ಧರ್ಮದ್ರೋಹಿ, ನಾನು ಪೋಪರ ಪರ ಎಂದು ಹೇಳಿಕೊಂಡವನ ಕಡೆಯವರೇ ಆರ್ಚ್‌ಬಿಷಪ್ಪನನ್ನು ಕೊಂದರೆ ಪೋಪರಿಂದ ಯಾವ ನೆರವು ಬಂದೀತು? ಅಕ್ಟೋಬರಿನಲ್ಲಿ ಹೊಸ ರಾಜಪ್ರತಿನಿಧಿ ಸ್ಕೆಫಿಂಗ್ಟನ್ ಇಂಗ್ಲೆಂಡಿನಿಂದ ಸೈನ್ಯದ ಜೊತೆ ಭಾರಿ ಫಿರಂಗಿಗಳನ್ನೂ ತಂದ. 1535ರ ಮಾರ್ಚಿನಲ್ಲಿ ಮೇನೂತ್ ಕೋಟೆ ಕೆಲವೇ ದಿನದಲ್ಲಿ ಬಿತ್ತು, ಶರಣಾದ ಕಾವಲುಗಾರರನ್ನು ಕೊಂದರು. 'ಮೇನೂತ್ ಕ್ಷಮಾದಾನ' ಎಂಬ ವ್ಯಂಗ್ಯದ ಮಾತು ಹುಟ್ಟಿದ್ದು ಆಗ. ಪ್ರಾಣ ಉಳಿಸುತ್ತೇವೆ ಎಂಬ ಮಾತಿನ ಮೇಲೆ ಥಾಮಸ್ ಆಗಸ್ಟಿನಲ್ಲಿ ಶರಣಾದ. 1537ರ ಫೆಬ್ರವರಿ 3ರಂದು ಅವನನ್ನೂ ಐವರು ಚಿಕ್ಕಪ್ಪಂದಿರನ್ನೂ ಲಂಡನ್ನಿನ ಟೈಬರ್ನ್‌ನಲ್ಲಿ ಕೊಂದರು. ಆ ಚಿಕ್ಕಪ್ಪಂದಿರಲ್ಲಿ ಕೆಲವರು ದಂಗೆಗೆ ಸೇರಿಯೇ ಇರಲಿಲ್ಲ.

ಮೇನೂತ್ ಕಲಿಸಿದ ಪಾಠವನ್ನು ಮುಂದಿನ ಎಪ್ಪತ್ತು ವರ್ಷ ಯಾರೂ ಮರೆಯಲಿಲ್ಲ. ಫಿರಂಗಿಯ ಮುಂದೆ ಹಳೆಯ ಕಲ್ಲಿನ ಕೋಟೆ ನಿಲ್ಲುವುದಿಲ್ಲ. ಹಾಗಾಗಿ ಐರಿಷರು ಕಾಡು, ಜೌಗು, ಇಕ್ಕಟ್ಟಿನ ಕಣಿವೆಗಳನ್ನೇ ಕೋಟೆ ಮಾಡಿಕೊಂಡರು.

1541ರಲ್ಲಿ ಹೆನ್ರಿ ಐರ್ಲೆಂಡಿನ 'ಪ್ರಭು' ಎಂಬ ಹಳೆಯ ಬಿರುದು ಬಿಟ್ಟು 'ರಾಜ' ಎನಿಸಿಕೊಂಡ. ಜೊತೆಗೆ ಒಂದು ನಯವಾದ ಉಪಾಯ ಬಂತು. ಗೇಲಿಕ್ ಒಡೆಯ ತನ್ನ ಭೂಮಿಯನ್ನು ರಾಜನಿಗೆ ಒಪ್ಪಿಸಬೇಕು, ರಾಜ ಅದನ್ನೇ ಇಂಗ್ಲಿಷ್ ಬಿರುದಿನೊಂದಿಗೆ ಮರಳಿ ಕೊಡುತ್ತಾನೆ. ಕಾಗದದಲ್ಲಿ ಅಚ್ಚುಕಟ್ಟು. ಆದರೆ ಇಂಗ್ಲಿಷ್ ಕಾನೂನಿನಲ್ಲಿ ಬಿರುದು ಗೊತ್ತಾದ ಒಬ್ಬ ವಾರಸುದಾರನಿಗೆ ಮಾತ್ರ. ಉಳಿದ ದಾಯಾದಿಗಳು ಎಲ್ಲಿಗೆ ಹೋಗಬೇಕು? 1542ರಲ್ಲಿ ಕಾನ್ ಬಾಕಾಕ್ ಓನೀಲ್ ಟಿರೋನ್ ಅರ್ಲ್ ಆದ. ವಾರಸುದಾರನೆಂದು ಅವನು ಹೆಸರಿಸಿದ್ದು ಮ್ಯಾಥ್ಯೂವನ್ನು, ಡಂಡಾಕ್ ಪಟ್ಟಣದ ಕಮ್ಮಾರನ ಮನೆಯಲ್ಲಿ ಬೆಳೆದ ಹುಡುಗನನ್ನು. ಇನ್ನೊಬ್ಬ ಮಗ ಶೇನ್ ಒಪ್ಪಲಿಲ್ಲ. ಅವನು ಮುಂದಿಟ್ಟ ವಾದ ಚೆನ್ನಾಗಿತ್ತು: ನಮ್ಮಪ್ಪ ಈ ಭೂಮಿಗೆ ಬದುಕಿರುವವರೆಗಿನ ಒಡೆಯ ಮಾತ್ರ, ತನ್ನದಲ್ಲದ್ದನ್ನು ರಾಜನಿಗೆ ಒಪ್ಪಿಸುವುದು ಹೇಗೆ? 1558ರಲ್ಲಿ ಶೇನನ ಕಡೆಯವರು ಮ್ಯಾಥ್ಯೂವನ್ನು ಕೊಂದರು.

1562ರ ಜನವರಿಯಲ್ಲಿ ಶೇನ್ ತನ್ನ ಗ್ಯಾಲೋಗ್ಲಾಸ್‌ಗಳೊಂದಿಗೆ ಲಂಡನ್ನಿಗೇ ಹೋಗಿ ಎಲಿಜಬೆತ್ ಮುಂದೆ ಅಡ್ಡಬಿದ್ದು ಐರಿಷ್ ಭಾಷೆಯಲ್ಲಿ ಬಿನ್ನಹ ಮಾಡಿಕೊಂಡ. ಊರಿಗೆ ಮರಳಿದವನೇ ಹಳೆಯ ದಾರಿ ಹಿಡಿದ. ಇಂಗ್ಲಿಷ್ ಸೈನ್ಯ ಅವನನ್ನು ನಿರ್ಣಾಯಕವಾಗಿ ಸೋಲಿಸಲೇ ಇಲ್ಲ. 1565ರಲ್ಲಿ ಅವನು ಮ್ಯಾಕ್‌ಡಾನೆಲ್ ಎಂಬ ಸ್ಕಾಟಿಷ್ ಮೂಲದ ಮನೆತನವನ್ನು ಬಡಿದಿದ್ದ, ಓಡಾನೆಲ್‌ಗಳನ್ನು ವರ್ಷಗಟ್ಟಲೆ ಕಾಡಿದ್ದ. 1567ರ ಮೇ ತಿಂಗಳಲ್ಲಿ ಫಾರ್ಸೆಟ್‌ಮೋರ್‌ನಲ್ಲಿ ಓಡಾನೆಲ್‌ಗಳು ಅವನ ಸೈನ್ಯವನ್ನು ಮುರಿದರು. ಹಿಂದಕ್ಕೆ ಓಡಿದವರನ್ನು ಸ್ವಿಲ್ಲಿ ನದಿಮುಖದಲ್ಲಿ ಏರಿಬಂದ ಸಮುದ್ರದ ಭರತ ನುಂಗಿತು. ದಿಕ್ಕು ತೋಚದೆ ಅವನು ಆಶ್ರಯ ಕೇಳಿದ್ದು ಯಾರನ್ನು? ಎರಡು ವರ್ಷದ ಹಿಂದೆ ತಾನೇ ಬಡಿದಿದ್ದ ಮ್ಯಾಕ್‌ಡಾನೆಲ್‌ಗಳನ್ನು. ಕಷೆಂಡನ್‌ನಲ್ಲಿ ಅವರು ಅವನನ್ನು ಕಡಿದುಹಾಕಿದರು. ತಲೆ ಡಬ್ಲಿನ್ ಕೋಟೆಗೆ ಹೋಯಿತು.

ಡೆಸ್ಮಂಡ್ ದಂಗೆಗಳ ಮೂಲ ದಕ್ಷಿಣದ ಮನ್ಸ್ಟರ್‌ನಲ್ಲಿ. ಡೆಸ್ಮಂಡ್ ಮತ್ತು ಆರ್ಮಂಡ್ ಅರ್ಲ್‌ಗಳು ತಲೆಮಾರುಗಳಿಂದ ಹಾವು ಮುಂಗುಸಿ. 1565ರಲ್ಲಿ ಆಫೇನ್ ಎಂಬಲ್ಲಿ ಇಬ್ಬರೂ ಖಾಸಗಿ ಸೈನ್ಯ ಕಟ್ಟಿಕೊಂಡು ಕಾದಾಡಿದರು. ರಾಣಿ ಕೆಂಡವಾದಳು. ಆರ್ಮಂಡ್ ಅವಳಿಗೆ ತಾಯಿಯ ಕಡೆಯ ನೆಂಟ. ಡೆಸ್ಮಂಡ್ ಅರ್ಲ್ ಜೆರಾಲ್ಡ್ 1567ರಿಂದ 1573ರವರೆಗೆ ಬಂಧನದಲ್ಲಿ ಕಳೆದ. ಒಡೆಯನಿಲ್ಲದ ನಾಡಿನಲ್ಲಿ ಅವನ ಸೇನಾಪತಿ ಜೇಮ್ಸ್ ಫಿಟ್ಸ್‌ಮಾರಿಸ್ 1569ರಲ್ಲಿ ದಂಗೆ ಎದ್ದ. ಕಾರಣ ಹುಡುಕಿದರೆ ಧರ್ಮದ ಪಕ್ಕದಲ್ಲೇ ಹೊಟ್ಟೆಪಾಡೂ ಕಾಣುತ್ತದೆ. ಕಾಯ್ನ್ ಆ್ಯಂಡ್ ಲಿವರಿ ನಿಂತರೆ ಅವನಂಥ ಸಾವಿರಾರು ಸೇನಾಜೀವಿಗಳಿಗೆ ಕೆಲಸವಿಲ್ಲ. ಅದೇ ಹೊತ್ತಿಗೆ ಸರ್ ಪೀಟರ್ ಕ್ಯಾರೂ ಎಂಬ ಇಂಗ್ಲಿಷಿನವನು ಶತಮಾನಗಳ ಹಿಂದಿನ ಪತ್ರಗಳನ್ನು ಕೆದಕಿ ತಂದು ಈ ಭೂಮಿ ನಮ್ಮ ಪೂರ್ವಿಕರದು ಎಂದು ದಾವೆ ಹೂಡಿದ. ಅವನು ಕೈಯಿಟ್ಟದ್ದು ಆರ್ಮಂಡ್ ಮನೆಯ ಭೂಮಿಗೂ. ಹಾಗಾಗಿ ಆರ್ಮಂಡನ ಸ್ವಂತ ತಮ್ಮಂದಿರೇ ಆಜನ್ಮ ವೈರಿಗಳ ಜೊತೆ ದಂಗೆಗೆ ಇಳಿದರು. ಭೂಮಿಗೆ ಕುತ್ತು ಬಂದರೆ ಹಗೆಯವರೂ ಒಂದಾಗುತ್ತಾರೆ ಎಂಬ ಸುಳಿವು ಇಲ್ಲೇ ಸಿಕ್ಕಿತ್ತು. ಅದನ್ನು ಪೂರ್ತಿ ಬಳಸಿಕೊಂಡವರು ಯಾರೂ ಇರಲಿಲ್ಲ. ದಂಗೆ ಹತ್ತಿಕ್ಕುತ್ತಿದ್ದ ಇಂಗ್ಲಿಷ್ ಸೇನಾನಿ ಹಂಫ್ರಿ ಗಿಲ್ಬರ್ಟ್ ತನ್ನ ಡೇರೆಗೆ ಬರುವ ದಾರಿಯ ಎರಡೂ ಬದಿಗೆ ಕಡಿದ ತಲೆಗಳನ್ನು ಸಾಲಾಗಿ ಇಡಿಸುತ್ತಿದ್ದ; ಶರಣಾಗಲು ಬರುವವರು ಆ ಸಾಲಿನ ನಡುವೆ ನಡೆದು ಬರಬೇಕು. 1573ರಲ್ಲಿ ಫಿಟ್ಸ್‌ಮಾರಿಸ್ ಶರಣಾದ, ಆಮೇಲೆ ಯುರೋಪಿಗೆ ಹೋದ.

1579ರ ಜುಲೈಯಲ್ಲಿ ಅವನು ಪೋಪರ ಬಾವುಟ, ಪೋಪರ ಪ್ರತಿನಿಧಿ ಮತ್ತು ಒಂದು ಸಣ್ಣ ಪಡೆಯೊಂದಿಗೆ ಕೆರ್ರಿಯ ಸ್ಮೆರಿಕ್‌ನಲ್ಲಿ ಇಳಿದ. ಈಗ ಮಾತು ಪೂರ್ತಿ ಧರ್ಮಯುದ್ಧದ್ದು, ಪ್ರಾಟೆಸ್ಟೆಂಟ್ ರಾಣಿಯ ವಿರುದ್ಧ. ಆದರೆ ಸುಮಾರು ಒಂದು ತಿಂಗಳಲ್ಲೇ ಅವನು ಸತ್ತ. ದಾರಿಯಲ್ಲಿ ಕುದುರೆಗಳು ಬಳಲಿದ್ದಕ್ಕೆ ಸಿಕ್ಕ ಕುದುರೆಗಳನ್ನು ಕಸಿದುಕೊಂಡ. ಅವು ಅವನ ನೆಂಟರೇ ಆದ ಬರ್ಕ್ ಮನೆಯವರ ಸೀಮೆಯ ಕುದುರೆಗಳು. ಅವರು ಬೆನ್ನಟ್ಟಿ ಬಂದರು, ಚಕಮಕಿಯಲ್ಲಿ ಗುಂಡು ತಗುಲಿತು. ರೋಮಿನಿಂದ ಹೊರಟ ಧರ್ಮಯುದ್ಧ ಕುದುರೆ ಜಗಳದಲ್ಲಿ ತನ್ನ ನಾಯಕನನ್ನು ಕಳೆದುಕೊಂಡಿತು. ಅರ್ಲ್ ಜೆರಾಲ್ಡ್ ಅತ್ತ ಇತ್ತ ತೂಗಾಡಿ ನವೆಂಬರಿನಲ್ಲಿ ದಂಗೆಗೆ ಸೇರಿ ಯೋಲ್ ಪಟ್ಟಣವನ್ನು ಸೂರೆ ಮಾಡಿದ. 1580ರ ಆಗಸ್ಟ್ 25ರಂದು ವಿಕ್ಲೋ ಬೆಟ್ಟಗಳ ಗ್ಲೆನ್ಮಲೂರ್ ಕಣಿವೆಯಲ್ಲಿ ಫೀಯಾಕ್ ಓಬರ್ನ್ ಹೊಸ ರಾಜಪ್ರತಿನಿಧಿ ಲಾರ್ಡ್ ಗ್ರೇಯ ಪಡೆಯನ್ನು ಹೊಂಚಿ ಹೊಡೆದ. ಆದರೆ ವಿಕ್ಲೋದ ಗೆಲುವಿನಿಂದ ಮನ್ಸ್ಟರ್‌ಗೆ ಒಂದು ಮೂಟೆ ಧಾನ್ಯವೂ ಬರಲಿಲ್ಲ. ನವೆಂಬರಿನಲ್ಲಿ ಸ್ಮೆರಿಕ್ ಕೋಟೆಯಲ್ಲಿದ್ದ ಇಟಲಿ ಮತ್ತು ಸ್ಪೇನಿನ ಸುಮಾರು 600 ಮಂದಿ ಶರಣಾದ ಮೇಲೆ ಗ್ರೇ ಅವರನ್ನು ಕೊಲ್ಲಿಸಿದ.

ಮನ್ಸ್ಟರ್‌ನ ದಂಗೆಯನ್ನು ಮುಗಿಸಿದ್ದು ಹಸಿವು. ಬೆಳೆ ಸುಟ್ಟು, ದನ ಹೊಡೆದುಕೊಂಡು ಹೋಗಿ, ನಾಡನ್ನು ಬರಿದು ಮಾಡಿದರು. ಎಲಿಜಬೆತ್ ಕಾಲದ ಹೆಸರಾಂತ ಕವಿ ಎಡ್ಮಂಡ್ ಸ್ಪೆನ್ಸರ್ ಆಗ ಗ್ರೇಯ ಕಾರ್ಯದರ್ಶಿ. ಕಾಲು ಹೊರಲಾರದೆ ಕೈಯೂರಿ ತೆವಳಿ ಬರುತ್ತಿದ್ದ ಜನರನ್ನು ಅವನು ವರ್ಣಿಸಿದ್ದಾನೆ. ಅದನ್ನು ಕಂಡೂ ಈ ವಿಧಾನವೇ ಸರಿ ಎಂದು ವಾದಿಸಿದ್ದಾನೆ ಎನ್ನುವುದನ್ನು ಮರೆಯಬಾರದು. ಅರ್ಲ್ ಜೆರಾಲ್ಡ್ ಸತ್ತದ್ದು 1583ರ ನವೆಂಬರ್ 11ರಂದು, ಟ್ರಲೀ ಹತ್ತಿರ. ಹಸಿದ ಅವನ ಕಡೆಯವರು ಮೊರಿಯಾರ್ಟಿ ಮನೆಯ ದನ ಕದ್ದರು. ಮೊರಿಯಾರ್ಟಿಗಳು ಹೆಜ್ಜೆಗುರುತು ಹಿಡಿದು ಹೋಗಿ ಗುಡಿಸಲಿನಲ್ಲಿದ್ದ ಅರ್ಲ್‌ನನ್ನು ಕೊಂದರು. ನಾಲ್ಕು ವರ್ಷದ ಹಿಂದೆ ಕುದುರೆ, ಈಗ ದನ. ಆಮೇಲೆ ಅವನ ಭೂಮಿ ಇಂಗ್ಲಿಷ್ ವಲಸಿಗರ ಪಾಲಾಯಿತು. 12,000 ಎಕರೆವರೆಗಿನ ತಾಕುಗಳು. ವಾಲ್ಟರ್ ರಾಲಿಗೆ ಮಾತ್ರ 42,000 ಎಕರೆ, ಸ್ಪೆನ್ಸರನಿಗೆ ಕಿಲ್‌ಕೋಲ್ಮನ್‌ನಲ್ಲಿ ಸುಮಾರು 3,000.

ಈಗ ಒಂಬತ್ತು ವರ್ಷಗಳ ಯುದ್ಧದ ನಾಯಕ ಹ್ಯೂ ಓನೀಲ್. ಕೊಲೆಯಾದ ಆ ಮ್ಯಾಥ್ಯೂವಿನ ಮಗ. ಬೆಳೆದದ್ದು ಪೇಲ್‌ನ ಇಂಗ್ಲಿಷ್ ಮನೆಯಲ್ಲಿ. ಡೆಸ್ಮಂಡ್ ದಂಗೆಯಲ್ಲಿ ರಾಣಿಯ ಕಡೆ ನಿಂತವನು, ರಾಣಿಯಿಂದಲೇ ಟಿರೋನ್ ಅರ್ಲ್ ಆದವನು. ಹಿಂದಿನವರಿಗೆ ಗೊತ್ತಿರದ ಒಂದು ಸಂಗತಿ ಅವನಿಗೆ ಗೊತ್ತಿತ್ತು: ಇಂಗ್ಲಿಷ್ ಸೈನ್ಯ ಒಳಗಿನಿಂದ ಹೇಗಿರುತ್ತದೆ. ಸರ್ಕಾರದ ಒಪ್ಪಿಗೆಯ ಮೇಲೆ 600 ಮಂದಿಯನ್ನು ಇಂಗ್ಲಿಷ್ ನಾಯಕರಿಂದ ತರಬೇತಿ ಮಾಡಿಸಿದ. ಕಲಿತವರನ್ನು ಊರಿಗೆ ಕಳಿಸಿ ಹೊಸ 600 ಮಂದಿಯನ್ನು ತಂದು ನಿಲ್ಲಿಸುತ್ತಿದ್ದ ಎಂಬುದು ಆಗಿನ ಇಂಗ್ಲಿಷರ ದೂರು. ಡಂಗ್ಯಾನನ್ ಮನೆಯ ಛಾವಣಿಗೆಂದು ತರಿಸಿದ ಸೀಸ ಗುಂಡಾಯಿತು ಎಂಬ ಮಾತೂ ಇದೆ. ಕೊಡಲಿ ಹಿಂದೆ ಸರಿದು ಬತ್ತಿಕೋವಿ ಮುಂದೆ ಬಂತು. ಮದ್ದು ಬರುತ್ತಿದ್ದದ್ದು ಸ್ಕಾಟ್ಲೆಂಡಿನಿಂದ, ಪೇಲ್‌ನ ವ್ಯಾಪಾರಿಗಳಿಂದ. ವೈರಿಗೇ ಮದ್ದು ಮಾರುವ ವ್ಯಾಪಾರಿ ಯಾವ ಕಾಲದಲ್ಲಿಲ್ಲ? ರೈತರ ಮೇಲೆ ನಿಗದಿಯಾದ ಕಂದಾಯ ಹಾಕಿ ಸೈನಿಕರಿಗೆ ಸಂಬಳ ಗೊತ್ತುಮಾಡಿದ. ಅದಕ್ಕಿಂತ ದೊಡ್ಡದು, ಓನೀಲ್ ಓಡಾನೆಲ್ ಹಗೆಯನ್ನು ಮುಗಿಸಿ ರೆಡ್ ಹ್ಯೂ ಓಡಾನೆಲ್ ಜೊತೆ ಕೈಜೋಡಿಸಿದ. 1567ರಲ್ಲಿ ಶೇನನನ್ನು ಮುಗಿಸಿದ್ದು ಇದೇ ಹಗೆ ಎಂಬುದನ್ನು ನೆನಪಿಡಿ.

ಅವನ ಹೊಂಚಿನ ಕೆಲಸ ಹೇಗಿತ್ತು ಎಂಬುದಕ್ಕೆ 1598ರ ಆಗಸ್ಟ್ 14ರ ಯೆಲ್ಲೋ ಫೋರ್ಡ್ ಕಾಳಗವನ್ನು ಹತ್ತಿರದಿಂದ ನೋಡಬೇಕು. ಬ್ಲ್ಯಾಕ್‌ವಾಟರ್ ನದಿಯ ದಂಡೆಯ ಇಂಗ್ಲಿಷ್ ಠಾಣೆಯನ್ನು ಓನೀಲ್ ಸುತ್ತುವರಿದಿದ್ದ, ಒಳಗಿನವರು ಕುದುರೆ ಮಾಂಸಕ್ಕೆ ಇಳಿದಿದ್ದರು. ಅವರಿಗೆ ದವಸ ಮುಟ್ಟಿಸಲು ಆರ್ಮಾದಿಂದ ಹೊರಟವನು ಸರ್ ಹೆನ್ರಿ ಬ್ಯಾಗ್ನಲ್, ಜೊತೆಗೆ ಸುಮಾರು 4,000 ಮಂದಿ. (ಬ್ಯಾಗ್ನಲ್‌ಗೆ ಓನೀಲ್ ಮೇಲೆ ಸ್ವಂತ ಸಿಟ್ಟೂ ಇತ್ತು. 1591ರಲ್ಲಿ ಅವನ ತಂಗಿ ಮೇಬಲ್ ಓನೀಲ್ ಜೊತೆ ಓಡಿಹೋಗಿ ಮದುವೆಯಾಗಿದ್ದಳು.) ದೂರ ಕೆಲವೇ ಮೈಲಿ. ಆರು ರೆಜಿಮೆಂಟು ಒಂದರ ಹಿಂದೆ ಒಂದು. ದಾರಿಯ ಎರಡೂ ಬದಿಯ ಪೊದೆಗಳಿಂದ ಗುಂಡು ಮೊದಲ ಹೆಜ್ಜೆಯಿಂದಲೇ ಶುರು. ಎತ್ತು ಎಳೆಯುತ್ತಿದ್ದ ದೊಡ್ಡ ಫಿರಂಗಿ ಜೌಗಿನಲ್ಲಿ ಹೂತುಕೊಂಡಿತು. ಅದನ್ನು ಬಿಡಿಸಲು ಹಿಂದಿನವರು ನಿಂತರು, ಮುಂದಿನವರು ನಡೆಯುತ್ತಲೇ ಹೋದರು. ಅಂತರ ಬಿದ್ದದ್ದು ಅಲ್ಲಿ. ಮುಂದೆ ದಾರಿಗೆ ಅಡ್ಡಲಾಗಿ ಸುಮಾರು ಒಂದು ಮೈಲಿ ಉದ್ದದ ಕಂದಕ ತೋಡಿ, ಏರಿಯ ಮೇಲೆ ಮುಳ್ಳುಬೇಲಿ ನೆಟ್ಟಿದ್ದರು. ಮೊದಲ ರೆಜಿಮೆಂಟು ಅದನ್ನೂ ದಾಟಿತು, ಆದರೆ ಹಿಂದಿನಿಂದ ಬೆಂಬಲವಿಲ್ಲದೆ ನುಚ್ಚುನೂರಾಯಿತು. ಬ್ಯಾಗ್ನಲ್ ಸುತ್ತ ನೋಡಲೆಂದು ಮುಖಗವಸು ಎತ್ತಿದ, ಗುಂಡು ಮುಖಕ್ಕೆ ಬಿತ್ತು. ಆಮೇಲೆ ಒಬ್ಬ ಸಿಪಾಯಿ ಮದ್ದು ತುಂಬಿಕೊಳ್ಳಲು ಪೀಪಾಯಿಯ ಬಳಿ ಹೋದ, ಕೈಯಲ್ಲಿದ್ದ ಉರಿಯುವ ಬತ್ತಿ ತಾಕಿತು, ಮದ್ದು ಸಿಡಿಯಿತು. ಬತ್ತಿಕೋವಿಯ ದೊಡ್ಡ ದೋಷವೇ ಇದು: ಹೊಡೆದಾಟದ ಹೊತ್ತಿನಲ್ಲಿ ಪ್ರತಿ ಸಿಪಾಯಿಯ ಕೈಯಲ್ಲೂ ಕೆಂಡ, ಸೊಂಟದಲ್ಲಿ ಮದ್ದು. ಸಂಜೆಯ ಹೊತ್ತಿಗೆ ಸೈನ್ಯದ ಅರ್ಧದಷ್ಟು ಸತ್ತು, ಗಾಯಗೊಂಡು, ಚೆದುರಿತ್ತು. ಕೆಲವು ನೂರು ಮಂದಿ ಓನೀಲ್ ಕಡೆ ಹೋಗಿಬಿಟ್ಟರು, ಏಕೆಂದರೆ ರಾಣಿಯ ಸಂಬಳ ತಿನ್ನುತ್ತಿದ್ದವರಲ್ಲಿ ದೊಡ್ಡ ಪಾಲು ಐರಿಷರೇ.

ಅಕ್ಟೋಬರಿನಲ್ಲಿ ಮನ್ಸ್ಟರ್‌ನ ಇಂಗ್ಲಿಷ್ ವಲಸಿಗರ ನೆಲೆಗಳು ಕೆಲವೇ ವಾರದಲ್ಲಿ ಕುಸಿದವು. ಸ್ಪೆನ್ಸರನ ಮನೆ ಸುಟ್ಟಿತು, ಅವನು ಲಂಡನ್ನಿಗೆ ಓಡಿ ಮರು ಜನವರಿಯಲ್ಲಿ ತೀರಿಕೊಂಡ. 1599ರಲ್ಲಿ ಎಸೆಕ್ಸ್ ಅರ್ಲ್ 16,000 ಕಾಲಾಳು, 1,300 ಸವಾರರೊಂದಿಗೆ ಬಂದ. ಬೇಸಿಗೆಯನ್ನು ದಕ್ಷಿಣದಲ್ಲಿ ಸುತ್ತಾಡಿ ಕಳೆದ. ಠಾಣೆಗಳಿಗೆ ಹಂಚಿ, ರೋಗಕ್ಕೆ ಕೊಟ್ಟು, ಉತ್ತರಕ್ಕೆ ಹೊರಡುವಾಗ ಉಳಿದದ್ದು ನಾಲ್ಕು ಸಾವಿರದಷ್ಟು. ಸೆಪ್ಟೆಂಬರ್ 7ರಂದು ಓನೀಲ್ ನದಿಯಲ್ಲಿ ಕುದುರೆಯ ಹೊಟ್ಟೆಮಟ್ಟದ ನೀರಿನಲ್ಲಿ ನಿಂತು, ದಡದಲ್ಲಿದ್ದ ಎಸೆಕ್ಸ್ ಜೊತೆ ಅರ್ಧ ಗಂಟೆ ಒಬ್ಬಂಟಿ ಮಾತಾಡಿದ. ಸಾಕ್ಷಿ ಯಾರೂ ಇಲ್ಲ. ಕದನವಿರಾಮ ಮಾಡಿಕೊಂಡ ಎಸೆಕ್ಸ್ ಅಪ್ಪಣೆಯಿಲ್ಲದೆ ಲಂಡನ್ನಿಗೆ ಓಡಿದ, ಮುಂದೆ ಅಲ್ಲಿ ತಾನೇ ದಂಗೆ ಎದ್ದು 1601ರಲ್ಲಿ ತಲೆ ಕಳೆದುಕೊಂಡ.

ಇದೇ ಓನೀಲ್‌ನ ಏರುಕಾಲ. ಆಗ ಅವನು 22 ಬೇಡಿಕೆಗಳ ಪಟ್ಟಿ ಕೊಟ್ಟ: ಕ್ಯಾಥೊಲಿಕ್ ಚರ್ಚ್ ಪೋಪರ ಅಧೀನದಲ್ಲಿ ಮುಕ್ತವಾಗಿ ನಡೆಯಬೇಕು, ಐರ್ಲೆಂಡಿನ ದೊಡ್ಡ ಹುದ್ದೆಗಳು ಐರ್ಲೆಂಡಿನವರಿಗೇ ಸಿಗಬೇಕು, ಹೀಗೆ. ರಾಣಿಯ ಮಂತ್ರಿ ಸೆಸಿಲ್ ಅದರ ಮೇಲೆ 'ಯುಟೋಪಿಯಾ', ಅಂದರೆ ಕನಸಿನ ನಾಡು, ಎಂದು ಬರೆದ. ನಿಮ್ಮ ಎರಡನೇ ಪ್ರಶ್ನೆಗೆ ಇಲ್ಲೇ ಉತ್ತರವಿದೆ. ಆ ಪಟ್ಟಿ ಮನೆತನದ ಜಗಳಕ್ಕಿಂತ ದೊಡ್ಡದು, ಇಡೀ ದ್ವೀಪದ ಹೆಸರಿನಲ್ಲಿ ಮಾತಾಡುತ್ತದೆ. ಅದನ್ನು ಬರೆದದ್ದು ಪೇಲ್‌ನ ಮತ್ತು ಪಟ್ಟಣಗಳ ಹಳೆ ಇಂಗ್ಲಿಷರನ್ನು ಒಲಿಸಿಕೊಳ್ಳಲು. ಅವರೂ ಕ್ಯಾಥೊಲಿಕರೇ. ಆದರೆ ಬರಲಿಲ್ಲ. ರಾಣಿಗೆ ನಿಷ್ಠೆ ಬೇರೆ, ಪೂಜೆ ಬೇರೆ ಎಂದರು. ಅವರಿಗೆ ಓನೀಲ್ ಎಂದರೆ ದನ ಹೊಡೆದುಕೊಂಡು ಹೋಗುವ ಉತ್ತರದವನು. ಓನೀಲ್ ಜೊತೆ ಸೇರದವರಿಗೆ ಬಹಿಷ್ಕಾರ ಹಾಕಲು ಪೋಪರೂ ಒಪ್ಪಲಿಲ್ಲ. ಹಾಗಾಗಿ ಫಿರಂಗಿ, ಗೋಡೆ, ಬಂದರು ಇರುವ ಪಟ್ಟಣ ಒಂದೂ ಅವನ ಕೈಗೆ ಬರಲಿಲ್ಲ. ಧರ್ಮಯುದ್ಧ ಎಂಬ ಹಣೆಪಟ್ಟಿ ಪೂರ್ತಿ ಅಂಟುವುದಿಲ್ಲ ಎನ್ನುವುದು ಇದಕ್ಕೇ.

1600ರ ಫೆಬ್ರವರಿಯಲ್ಲಿ ಬಂದ ಹೊಸ ರಾಜಪ್ರತಿನಿಧಿ ಮೌಂಟ್‌ಜಾಯ್ ದೊಡ್ಡ ಕಾಳಗ ಹುಡುಕಲಿಲ್ಲ, ಚಳಿಗಾಲ ಹುಡುಕಿದ. ಎಲ್ಲರೂ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಯುದ್ಧ ಮಾಡಿ ಮನೆಗೆ ಹೋಗುತ್ತಿದ್ದರು, ಇವನು ವಾರದಲ್ಲಿ ಐದು ದಿನ ಚಳಿಯಲ್ಲೂ ಸೈನ್ಯ ನಡೆಸಿದ. ಕಾರಣ ಸರಳ. ಎಲೆ ಉದುರಿದ ಕಾಡಿನಲ್ಲಿ ಹೊಂಚು ಹಾಕಲು ಮರೆ ಇಲ್ಲ. ಕೊಯ್ಲಿನ ಧಾನ್ಯ ಕಣಜಕ್ಕೆ ಬಂದಿರುತ್ತದೆ, ಒಂದೇ ಸಲ ಸುಡಬಹುದು. ಹಸುಗಳಿಗೆ ಹಾಲು ಬತ್ತಿರುತ್ತದೆ, ಓಡಿಸಿದರೆ ಸಾಯುತ್ತವೆ. ಗೇಲಿಕ್ ನಾಡಿನ ಸಂಪತ್ತೆಂದರೆ ದನ. ಬೇಸಿಗೆಯಲ್ಲಿ ಬೆಟ್ಟಕ್ಕೆ ಹೊಡೆದುಕೊಂಡು ಹೋಗಿ ಹಾಲು ಬೆಣ್ಣೆ ಉಂಡು ಸೈನ್ಯ ಬದುಕುತ್ತಿತ್ತು. ಬಿತ್ತನೆ ಬೀಜ ಸುಟ್ಟರೆ ಮುಂದಿನ ವರ್ಷವೂ ಹೋಯಿತು. ಜೊತೆಗೆ ಒಂದು ಠಾಣೆಯಿಂದ ಇನ್ನೊಂದಕ್ಕೆ ನೆರವು ಮುಟ್ಟುವಷ್ಟು ಹತ್ತಿರದಲ್ಲಿ ಠಾಣೆಗಳನ್ನು ಕಟ್ಟಿಸುತ್ತ ಬಂದ. ಮೇ ತಿಂಗಳಲ್ಲಿ ಇಂಗ್ಲಿಷ್ ಸೇನಾನಿ ಡಾಕ್ರಾ 4,000 ಮಂದಿಯನ್ನು ಹಡಗಿನಲ್ಲಿ ಡೆರ್ರಿಗೆ ತಂದಿಳಿಸಿದ, ಓನೀಲ್‌ನ ಬೆನ್ನಹಿಂದೆ. ರೋಗದಿಂದ ಸೈನ್ಯ ಸೊರಗಿತು, ಆದರೂ ಅವನು ಹಳೆಯ ಉಪಾಯ ಹೂಡಿದ: ದಾಯಾದಿ. ರೆಡ್ ಹ್ಯೂನ ದಾಯಾದಿ ನೀಲ್ ಗಾರ್ವ್ ಓಡಾನೆಲ್ ಇಂಗ್ಲಿಷರ ಕಡೆ ಬಂದ, ಬರುವಾಗಲೇ ಲಿಫರ್ಡ್ ಠಾಣೆ ಅವರ ಕೈಗೆ ಬಂತು. ಯುದ್ಧದ ಖರ್ಚು ಎಷ್ಟಿತ್ತೆಂದರೆ ರಾಣಿ 1601ರಲ್ಲಿ ಐರ್ಲೆಂಡಿಗೆ ಕಾಲು ಭಾಗ ಮಾತ್ರ ಬೆಳ್ಳಿಯಿರುವ ನಾಣ್ಯ ಅಚ್ಚು ಹಾಕಿಸಿದಳು. ಇದೇ ರಾಣಿ 1600ರ ಕೊನೆಯ ದಿನ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟಳು ಎನ್ನುವುದನ್ನು ನಮ್ಮ ಕಡೆಯ ಓದುಗರು ಪಕ್ಕದಲ್ಲಿಟ್ಟು ನೋಡಬಹುದು.

1601ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಪಡೆ ಕೊನೆಗೂ ಬಂತು, ಆದರೆ ಜಾಗ ತಪ್ಪಿತು. ದೊಡ್ಡ ಸೈನ್ಯ ಬಂದರೆ ದಕ್ಷಿಣದಲ್ಲಿ ಇಳಿಯಲಿ, ಸಣ್ಣದಾದರೆ ಉತ್ತರಕ್ಕೇ ಬರಲಿ ಎಂಬುದು ಐರಿಷರ ಸಲಹೆ. ಡಾನ್ ಹುವಾನ್ ದೆಲ್ ಆಗಿಲಾ ಸುಮಾರು 3,400 ಮಂದಿಯೊಂದಿಗೆ ದಕ್ಷಿಣದ ತುದಿಯ ಕಿನ್ಸೇಲ್‌ನಲ್ಲಿ ಇಳಿದ. ಮೌಂಟ್‌ಜಾಯ್ ಅವನನ್ನು ಮುತ್ತಿದ. ಓನೀಲ್ ಈಗ ತನ್ನ ಜೌಗು, ಕಾಡು, ಕಂದಕ ಎಲ್ಲ ಬಿಟ್ಟು ಚಳಿಗಾಲದಲ್ಲಿ 300 ಮೈಲಿ ನಡೆದು ಬರಬೇಕಾಯಿತು. ಬಂದ. ಮೌಂಟ್‌ಜಾಯ್ ಈಗ ಮುತ್ತಿಗೆ ಹಾಕಿದವನೂ ಹೌದು, ಮುತ್ತಿಗೆಗೆ ಸಿಕ್ಕವನೂ ಹೌದು. ಅವನ ಶಿಬಿರದಲ್ಲಿ ಸಾವಿರಾರು ಮಂದಿ ರೋಗಕ್ಕೆ ಸಾಯುತ್ತಿದ್ದರು. ಕಾದಿದ್ದರೆ ಓನೀಲ್ ಗೆಲ್ಲುತ್ತಿದ್ದ ಎಂದೇ ನನ್ನ ಅಭಿಪ್ರಾಯ. ಆದರೆ ಆಗಿಲಾ ಬೇಗ ಬನ್ನಿ ಎನ್ನುತ್ತಿದ್ದ, ಓಡಾನೆಲ್‌ಗೂ ಆತುರ.

ಡಿಸೆಂಬರ್ 24ರ ನಸುಕು. ರಾತ್ರಿಯಿಡೀ ಮಳೆ ಗುಡುಗಿನಲ್ಲಿ ನಡೆದ ಐರಿಷ್ ದಳಗಳು ದಾರಿ ತಪ್ಪಿ, ಗೊತ್ತುಮಾಡಿದ ಜಾಗಕ್ಕೆ ಗೊತ್ತುಮಾಡಿದ ಹೊತ್ತಿಗೆ ಮುಟ್ಟಲಿಲ್ಲ. ಬೆಳಕು ಹರಿದಾಗ ಓನೀಲ್ ಬಯಲಿನಲ್ಲಿದ್ದ. ಅವನು ಸ್ಪೇನಿನ ಮಾದರಿಯಲ್ಲಿ ಭರ್ಜಿಯವರನ್ನು ಚೌಕವಾಗಿ ನಿಲ್ಲಿಸಲು ಹೋದ. ಹೊಂಚಿನ ಕಾಳಗದಲ್ಲಿ ಪಳಗಿದವರಿಗೆ ಬಯಲಿನ ಕವಾಯತು ಅಷ್ಟು ರೂಢಿಯಿರಲಿಲ್ಲ. ಇಂಗ್ಲಿಷ್ ಸವಾರರು ಮೊದಲು ಐರಿಷ್ ಸವಾರರ ಮೇಲೆ ಬಿದ್ದರು. ಅವರು ಹಿಂದೆ ತಿರುಗಿ ತಮ್ಮದೇ ಕಾಲಾಳುಗಳ ನಡುವೆ ನುಗ್ಗಿದರು, ಚೌಕ ಒಡೆಯಿತು. ಒಂದೆರಡು ಗಂಟೆಯಲ್ಲಿ ಎಲ್ಲ ಮುಗಿದು ಸುಮಾರು 1,200 ಐರಿಷರು ಸತ್ತಿದ್ದರು. ಕಾಳಗದ ಹೊತ್ತಿಗೆ ಆಗಿಲಾ ಪಟ್ಟಣದಿಂದ ಹೊರಬರಲಿಲ್ಲ. ಅಂದು ಇಂಗ್ಲಿಷರ ಕಡೆ ಅತಿ ಹೆಚ್ಚು ಹೆಸರು ಮಾಡಿದ ಸವಾರ ಯಾರು ಗೊತ್ತೇ? ಕ್ಲಾನ್ರಿಕಾರ್ಡ್ ಅರ್ಲ್ ರಿಚರ್ಡ್ ಬರ್ಕ್, ಐರಿಷ್, ಕ್ಯಾಥೊಲಿಕ್. ಒಬ್ಬ ಐರಿಷ್ ನಾಯಕ ಒಂದು ಬಾಟಲಿ ವಿಸ್ಕಿಗಾಗಿ ಹಿಂದಿನ ರಾತ್ರಿ ಗುಟ್ಟು ಬಿಟ್ಟುಕೊಟ್ಟ ಎಂಬ ಕಥೆ ಎಲ್ಲೆಡೆ ಸಿಗುತ್ತದೆ. ಅದಿಲ್ಲದೆಯೂ ಸೋಲು ವಿವರವಾಗುತ್ತದೆ, ಹಾಗಾಗಿ ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಉಳಿದದ್ದು ಬೇಗ. ರೆಡ್ ಹ್ಯೂ ನೆರವು ಕೇಳಲು ಸ್ಪೇನಿಗೆ ಹೋಗಿ 1602ರಲ್ಲಿ ಅಲ್ಲೇ ಸತ್ತ. ಡೊನಲ್ ಓಸಲಿವನ್ ಬೇರ್ ಆ ವರ್ಷದ ಕೊನೆಯ ದಿನ ಸುಮಾರು ಸಾವಿರ ಜನರೊಂದಿಗೆ ದಕ್ಷಿಣದಿಂದ ಹೊರಟು ಎರಡು ವಾರ ನಡೆದು ಲೀಟ್ರಿಮ್ ತಲುಪಿದಾಗ ಜೊತೆಗಿದ್ದವರು 35 ಮಂದಿ. ಓನೀಲ್‌ಗಳಿಗೆ ಪಟ್ಟ ಕಟ್ಟುತ್ತಿದ್ದ ಟಲಿಹೋಗ್‌ನ ಕಲ್ಲಿನ ಪೀಠವನ್ನು ಮೌಂಟ್‌ಜಾಯ್ ಒಡೆಸಿದ. 1603ರ ಮಾರ್ಚ್ 30ರಂದು ಮೆಲಿಫಾಂಟ್‌ನಲ್ಲಿ ಓನೀಲ್ ಶರಣಾದ. ರಾಣಿ ಆರು ದಿನದ ಹಿಂದೆಯೇ ಸತ್ತಿದ್ದಳು. ಮೌಂಟ್‌ಜಾಯ್‌ಗೆ ಗೊತ್ತಿತ್ತು, ಓನೀಲ್‌ಗೆ ಗೊತ್ತಿರಲಿಲ್ಲ. ಭೂಮಿ ಮತ್ತು ಅರ್ಲ್ ಬಿರುದು ಉಳಿದವು, 'ಓನೀಲ್' ಎಂಬ ಪಟ್ಟದ ಹೆಸರು ಹೋಯಿತು. 1607ರ ಸೆಪ್ಟೆಂಬರಿನಲ್ಲಿ ಅವನೂ ಇತರರೂ ರಾತ್‌ಮಲನ್‌ನಿಂದ ಹಡಗು ಹತ್ತಿ ಹೋದರು, ಅವರ ಭೂಮಿಯಲ್ಲಿ ಅಲ್ಸ್ಟರ್ ವಲಸೆ ಶುರುವಾಯಿತು.

ಮೂಲ ಪತ್ರಗಳನ್ನು ಓದಲು ಹೊರಟರೆ ಒಂದು ಎಚ್ಚರಿಕೆ. ಇಂಗ್ಲಿಷರು ಹಳೆಯ ಜೂಲಿಯನ್ ಪಂಚಾಂಗದಲ್ಲಿದ್ದರು, ಸ್ಪೇನಿನವರು ಗ್ರೆಗೋರಿಯನ್‌ನಲ್ಲಿ. ನಡುವೆ ಹತ್ತು ದಿನದ ವ್ಯತ್ಯಾಸ. ಕಿನ್ಸೇಲ್ ಕಾಳಗ ಇಂಗ್ಲಿಷ್ ಕಾಗದದಲ್ಲಿ 1601ರ ಡಿಸೆಂಬರ್ 24, ಸ್ಪೇನಿನ ಕಾಗದದಲ್ಲಿ 1602ರ ಜನವರಿ 3. ಸಾಲದ್ದಕ್ಕೆ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ರಾಣಿ ಸತ್ತ ದಿನ ಅವರ ಲೆಕ್ಕದಲ್ಲಿ 1602ರ ಮಾರ್ಚ್ 24, ಮೆಲಿಫಾಂಟ್ 1603ರ ಮಾರ್ಚ್ 30. ನಡುವೆ ಒಂದು ವರ್ಷವಿದೆ ಎಂದು ಲೆಕ್ಕ ಹಾಕಿಬಿಟ್ಟರೆ, ಮೌಂಟ್‌ಜಾಯ್ ಬಾಯಿ ಮುಚ್ಚಿಕೊಂಡು ಸಹಿ ಹಾಕಿಸಿಕೊಂಡ ಆ ಆರು ದಿನ ಕಣ್ಣಿಗೇ ಬೀಳುವುದಿಲ್ಲ.